ಕೆಂಪು ಬಳೆ ಹುಡುಕಿಕೊಂಡು ಚಾಮರಾಜಪೇಟೆಗೆ

ಹನುಮಂತನಗರದ ನಮ್ಮ ಮನೆಯಿಂದ ಶುಕ್ರವಾರ ಬೆಳಿಗ್ಗೆ ಹತ್ತಕ್ಕೇ ಹೊರಬಿದ್ದೆ. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಹೊಸಿಲು ದಾಟು ಎಂದು ಅತ್ತೆಯವರ ಅಪ್ಪಣೆ. ಇನ್ನೊಂದು ಅಪ್ಪಣೆಯೂ ಇತ್ತು. "ಕಂಪ್ಯೂಟರ್ ಇವತ್ತೇ ತಂದ್ಬಿಡು ವಿಮಲಾ. ನಾಳೆ ಶನಿವಾರ, ಕಬ್ಬಿಣ ಮನೆಗೆ ತರಬಾರದು." ಅದರಲ್ಲಿ ಕಬ್ಬಿಣ ಎಷ್ಟಿರುತ್ತದೆ ಎಂದು ವಾದಿಸುವ ತಾಳ್ಮೆ ನನಗಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿಹೋಗಿದೆ.

ಎನ್.ಆರ್. ಕಾಲೋನಿಯಲ್ಲಿ ಗೆಳತಿ ಸಾವಿತ್ರಿಯನ್ನು ಆಟೋಗೆ ಹತ್ತಿಸಿಕೊಂಡೆ. ನಾವಿಬ್ಬರೂ ಈಜುಕೊಳದ ಬೆಳಗಿನ ಹೆಂಗಸರ ಬ್ಯಾಚಿನವರು. ಹೋದ ತಿಂಗಳು ಬ್ಯಾಚಿನ ಐದು ಜನ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಹತ್ತಿರ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿದು ಬಂದಿದ್ದೆವು. ಸಾವಿತ್ರಿಯ ಯಜಮಾನರು ಶಿವಣ್ಣನವರು ಇದನ್ನು ನಂಬಲೇ ಇಲ್ಲ. "ನೀನಾ? ದೋಣೀಲೇ ಕೂತಿರ್ತೀಯ ಬಿಡು" ಎಂದು ನಕ್ಕುಬಿಟ್ಟರಂತೆ. ಮುಂದಿನ ಪ್ರಯಾಣಕ್ಕೆ ಹೆಸರು ಕೊಡಲು ನಾಳೆ ಬೆಳಿಗ್ಗೆಯೇ ಕೊನೆ. ದೋಣಿಯಲ್ಲಿ ಕೂರೋಕೆ ಅಷ್ಟು ದೂರ ಯಾಕೆ ಎಂದು ಅವರು ಪಟ್ಟು ಹಿಡಿದಿದ್ದರು.

ಸಾಕ್ಷಿ ನನ್ನ ಪರ್ಸಿನಲ್ಲೇ ಇತ್ತು. ನಮ್ಮನ್ನು ಇಳಿಸಿದ ಗೈಡ್ ತನ್ನ ಪುಟ್ಟ ಕ್ಯಾಮೆರಾದಲ್ಲಿ ತೆಗೆದ ವಿಡಿಯೋ ಎಲ್ಲ ಒಂದು ಕಾರ್ಡಿನಲ್ಲಿತ್ತು. ಆದರೆ ನನ್ನ ಹಳೆಯ ಕಂಪ್ಯೂಟರಿನಲ್ಲಿ ಅದು ಎರಡು ಹೆಜ್ಜೆ ಓಡಿ ನಿಂತುಬಿಡುತ್ತಿತ್ತು. ಓಡಿದಷ್ಟರಲ್ಲೂ ಎಲ್ಲ ಹಸಿರು. ಒಂದೇ ಥರದ ಕಪ್ಪು ಸೂಟು, ಮುಖಕ್ಕೆ ಮಾಸ್ಕು, ಯಾರು ಯಾರೆಂದು ಹೆತ್ತ ತಾಯಿಗೂ ಗೊತ್ತಾಗದು.

"ನನಗೇ ಈಗ ಅನುಮಾನ ಕಣೆ" ಎಂದಳು ಸಾವಿತ್ರಿ. "ಇಳಿದದ್ದು ನಾನೇ ಹೌದಾ ಅಂತ."

"ಸುಮ್ನಿರು. ನಾನೇ ಅಲ್ವಾ ನಿನ್ನ ಕೈ ಹಿಡಿದು ಇಳಿಸಿದ್ದು?" ಎಂದೆ. ಈ ಮಾತನ್ನು ಬಂದಾಗಿನಿಂದ ಕಂಡಕಂಡವರಿಗೆಲ್ಲ ಹೇಳಿದ್ದೆ.

ನ್ಯಾಷನಲ್ ಕಾಲೇಜ್ ನಿಲ್ದಾಣದವರೆಗೆ ಎರಡು ಚಿಲ್ಲರೆ ಕಿಲೋಮೀಟರ್. ಆಟೋದವನು ಮೀಟರ್ ಮೇಲೆ ಇಪ್ಪತ್ತು ಕೇಳಿದ, ಜಗಳವಾಡಿ ಹತ್ತಕ್ಕೆ ಇಳಿಸಿದೆ. ಮೆಟ್ರೋದಲ್ಲಿ ಸೀಟು ಸಿಕ್ಕರೂ ನನಗೆ ಕೂರಲಾಗಲಿಲ್ಲ. ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿದು, ಬಿಸಿಲಿನಲ್ಲಿ ಮಲ್ಲೇಶ್ವರದ ಎಂಟನೇ ಕ್ರಾಸಿನವರೆಗೆ ನಡೆದೆವು. ಹೂವಿನವರ ಬುಟ್ಟಿಗಳನ್ನು ದಾಟಿ, ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿಯೊಳಗೆ ಹೋದೆವು. ಒಳಗೆ ಎಸಿ ಇತ್ತು, ಅಷ್ಟೇ ಪುಣ್ಯ.

"ಆಂಟಿ, ಇದು ಸಖತ್ ಪವರ್‌ಫುಲ್" ಎಂದು ಅಲ್ಲಿನವನು ಒಂದು ಲ್ಯಾಪ್‌ಟಾಪ್ ತೆರೆದ. ಕೀಲಿಗಳ ಕೆಳಗೆ ಗಣೇಶನ ಪೆಂಡಾಲಿನ ಹಾಗೆ ಬಣ್ಣಬಣ್ಣದ ದೀಪ. ನನ್ನ ಕಾರ್ಡು ಹಾಕಿ ನೋಡೋಣ ಎಂದೆ. ವೈರಸ್ ಬರುತ್ತೆ, ಅದಕ್ಕೆ ಪರ್ಮಿಷನ್ ಇಲ್ಲ ಎಂದ. ಓಡಿಸಿ ನೋಡದೆ ತೆಗೆದುಕೊಳ್ಳಲು ಇದೇನು ಕೊತ್ತಂಬರಿ ಸೊಪ್ಪೇ? ಸೊಪ್ಪನ್ನಾದರೂ ಮೂಸಿ ನೋಡುತ್ತೇವೆ. ಸಾವಿತ್ರಿ ಇನ್ನೂ ದೀಪ ನೋಡುತ್ತಿದ್ದಳು, ಎಳೆದುಕೊಂಡು ಹೊರಟೆ.

ಖಾಲಿ ದೋಸೆ ತಿಂದು ಮತ್ತೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದೆವು. ಬಟ್ಟೆ ಮೂಟೆ ಹೊತ್ತವರು "ಸೈಡು, ಸೈಡು" ಎನ್ನುತ್ತಾ ಮೈಮೇಲೆಯೇ ಬರುತ್ತಿದ್ದರು. ಅಲ್ಲಿಂದ ಎಸ್.ಪಿ. ರಸ್ತೆಗೆ ಸೆಕೆಯಲ್ಲಿ ಕಾಲು ಗಂಟೆ ನಡಿಗೆ. ಮೂರನೇ ಅಂಗಡಿಯಲ್ಲಿ ಹಣೆಗೆ ವಿಭೂತಿ ಹಚ್ಚಿದ್ದ ಹಿರಿಯರೊಬ್ಬರು, ವಿಡಿಯೋ ಸರಿಮಾಡುವ ಕಂಪ್ಯೂಟರ್ ಬೇಕೆಂದ ನನ್ನ ಗಡಿಬಿಡಿ ನೋಡಿ ಸ್ಟೂಲು ತೋರಿಸಿದರು.

"ಕೂತ್ಕೊಳ್ಳಿ ಅಮ್ಮಾ. ಯಾವ ಸಾಫ್ಟ್‌ವೇರಲ್ಲಿ ಎಡಿಟ್ ಮಾಡ್ತೀರಾ?"

"ಅದನ್ನ ಆಮೇಲೆ ನೋಡ್ಕೋತೀನಿ. ಮೊದಲು ಕಂಪ್ಯೂಟರ್ ಕೊಡಿ."

"ಊಟಕ್ಕೆ ಎಷ್ಟು ಜನ ಅಂತ ಗೊತ್ತಿಲ್ದೆ ಪಾತ್ರೆ ತಗೋತೀರಾ?"

ನನಗೇ ಪಾಠ! ಆದರೂ ಮಾತು ಸರಿಯಾಗಿತ್ತು. ಅವರು ಒಂದು ಲ್ಯಾಪ್‌ಟಾಪಿಗೆ ತಾವೇ ಕಾರ್ಡು ಹಾಕಿದರು. ಹದಿನಾರು ಜಿಬಿ ರ್‍ಯಾಮ್, ವಿಡಿಯೋಗೆಂದೇ ಬೇರೆ ಗ್ರಾಫಿಕ್ಸ್ ಕಾರ್ಡು. ನಮ್ಮ ಸಮುದ್ರ ಎಲ್ಲೂ ನಿಲ್ಲದೆ ಓಡಿತು, ಆದರೆ ಹಸಿರು ಹಸಿರಾಗಿಯೇ ಇತ್ತು. "ಬಣ್ಣ ನನ್ನ ಕೈಲಾಗಲ್ಲ. ಚಾಮರಾಜಪೇಟೇಲಿ ನಾಗರಾಜ ಅಂತ ಮದುವೆ ವಿಡಿಯೋ ಎಡಿಟ್ ಮಾಡ್ತಾನೆ, ನಮ್ಮ ಹಳೇ ಗಿರಾಕಿ. ಇದನ್ನೇ ತಗೊಂಡೋಗಿ ತೋರ್ಸಿ. ಅವನು ಸರಿ ಅಂದ್ರೆ ಅಲ್ಲಿಂದಲೇ ದುಡ್ಡು ಹಾಕಿ" ಎಂದು ಡಬ್ಬಿ ಕೈಗಿಟ್ಟರು. ಗುರುತಿಲ್ಲದ ನಮ್ಮನ್ನು ಹೀಗೆ ನಂಬಿದ್ದು ಕಂಡು ನನಗೆ ನಾಚಿಕೆಯೇ ಆಯಿತು.

ಚಾಮರಾಜಪೇಟೆ ಮುಟ್ಟುವಾಗ ಮೂರು ದಾಟಿತ್ತು. ನಾಗರಾಜ್ ಮಹಡಿಯ ಚಿಕ್ಕ ಕೋಣೆಯಲ್ಲಿ ಯಾರದೋ ಧಾರೆ ಮುಹೂರ್ತ ಕತ್ತರಿಸುತ್ತಿದ್ದರು. ಸಾಫ್ಟ್‌ವೇರ್ ಯಾವುದು ಎಂದು ಒಂದೇ ಉಸಿರಿಗೆ ಕೇಳಿದೆ.

"ತಿಂಗಳಿಗಿಷ್ಟು ಅಂತ ಹಾಲಿನವರಿಗೆ ಕೊಟ್ಟಂಗೆ ಕೊಡೋದೂ ಇದೆ ಮೇಡಂ. ನಿಮಗ್ಯಾಕೆ? ಈ ಫ್ರೀ ಇರೋದು ಸಾಕು, ಬಣ್ಣಕ್ಕೆ ಇದೇ ವಾಸಿ." ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದರು. ದೊಡ್ಡ ಫೈಲಿಗೆ ಹಗುರವಾದ ನಕಲು ಮಾಡಿಕೊಂಡು ನಕಲಿನ ಮೇಲೆ ಕೆಲಸ ಮಾಡುವುದನ್ನೂ ಕಲಿಸಿದರು. ಆಮೇಲೆ ನಿಧಾನವಾಗಿ ಹುಡುಕುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು.

ಹಸಿರು ಮಬ್ಬಿನಲ್ಲಿ ಎರಡು ಕೈ. ಒಂದು ಕೈ ಇನ್ನೊಂದನ್ನು ಗಟ್ಟಿಯಾಗಿ ಅವುಚಿ ಹಿಡಿದಿತ್ತು. ಅವುಚಿಸಿಕೊಂಡ ಕೈಯ ಹೆಬ್ಬೆರಳು ಮಾತ್ರ ಮೆಲ್ಲಗೆ ಆಡುತ್ತಾ, ಹಿಡಿದ ಕೈಯ ಬೆನ್ನು ಸವರುತ್ತಿತ್ತು. ಎರಡೂ ಮಣಿಕಟ್ಟಿನಲ್ಲಿ ಒಂದೊಂದು ಕಪ್ಪು ಗೆರೆ.

"ಪಾಪ ನೋಡಿ, ಹೆಂಗೆ ಹಿಡ್ಕೊಂಡಿದಾಳೆ ನನ್ನ ಕೈನ" ಎಂದೆ. ಸಾವಿತ್ರಿ ತಲೆ ತಗ್ಗಿಸಿದಳು.

"ಈ ಗೆರೆ ಏನು?" ಎಂದರು ನಾಗರಾಜ್.

ಒಂದು ನನ್ನ ವಾಚಿನ ಕಪ್ಪು ಪಟ್ಟಿ. ಡಯಲ್ ಮಣಿಕಟ್ಟಿನ ಒಳಗಡೆಗೆ ಬರುವಂತೆ ಕಟ್ಟುವುದು ಕ್ಲಾಸಿನ ದಿನಗಳಿಂದ ಬಂದ ಅಭ್ಯಾಸ. ಇನ್ನೊಂದು ಸಾವಿತ್ರಿಯ ಬಳೆ. ದೋಣಿಯಲ್ಲಿ ಗೈಡ್ ಒಡವೆ, ಬಳೆ ಎಲ್ಲ ತೆಗೆಯಿರಿ ಎಂದಾಗ, ಬರಿಗೈಯಲ್ಲಿ ಇಳಿಯಲ್ಲ ಎಂದು ಹಟ ಹಿಡಿದು, ಕೈಗೊಂದರಂತೆ ಗಾಜಿನ ಬಳೆ ಉಳಿಸಿಕೊಂಡು, ಜಾರದಂತೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದಳು. ಎಲ್ಲರೂ ಬೈದಿದ್ದೆವು. ಜಾಸ್ತಿ ಬೈದವಳು ನಾನೇ.

"ಬಳೆ ಯಾವ ಬಣ್ಣ?"

"ಕೆಂಪು" ಎಂದಳು ಸಾವಿತ್ರಿ.

"ನೀರಲ್ಲಿ ಮೊದಲು ಸಾಯೋದೇ ಕೆಂಪು. ಅದಕ್ಕೇ ಕಪ್ಪಗೆ ಕಾಣ್ತಿದೆ. ಬಿಳಿ ಯಾವುದಾದ್ರೂ ಇತ್ತಾ ಅಲ್ಲಿ?"

ಗೈಡ್ ಬರೆದು ತೋರಿಸುತ್ತಿದ್ದ ಬಿಳಿ ಹಲಗೆ ಮೂಲೆಯಲ್ಲಿತ್ತು. ನಾಗರಾಜ್ ಅದನ್ನೇ ಬಿಳಿಯೆಂದು ಹಿಡಿದು, ಕೆಂಪನ್ನು ಸ್ವಲ್ಪ ಸ್ವಲ್ಪವೇ ಏರಿಸಿದರು. ಹಸಿರು ಕರಗಿತು, ಚರ್ಮಕ್ಕೆ ಚರ್ಮದ ಬಣ್ಣ ಬಂತು. ಒಂದು ಗೆರೆ ಕಪ್ಪಾಗಿಯೇ ಉಳಿಯಿತು. ಇನ್ನೊಂದು ಕೆಂಪಾಯಿತು.

ಕೆಂಪಾದದ್ದು ಮೆಲ್ಲಗೆ ಸವರುತ್ತಿದ್ದ ಕೈ.

ಅಯ್ಯೋ ದೇವರೇ, ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು. ಸಾವಿತ್ರಿ ಪರದೆಗೆ ತೀರ ಹತ್ತಿರ ಹೋಗಿ ನೋಡಿದಳು. ಅವಳ ಕಣ್ಣು ತುಂಬಿತ್ತು. "ನಾನೇ ಕಣೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, "ನಿನ್ನ ಕೈ ಕಟ್ ಮಾಡಿಸ್ಲಾ?" ಎಂದು ಕೇಳಿದಳು.

ಬೇಡ ಎಂದೆ. ಅಂಗಡಿಯವರಿಗೆ ದುಡ್ಡು ಹಾಕಿ, ಆಟೋದಲ್ಲಿ ಇಬ್ಬರ ತೊಡೆಯ ಮೇಲೂ ಡಬ್ಬಿ ಇಟ್ಟುಕೊಂಡು ಎನ್.ಆರ್. ಕಾಲೋನಿಗೆ ಹೊರಟೆವು. ದಾರಿಯುದ್ದಕ್ಕೂ ಚಡಪಡಿಸಿದೆ. ಶಿವಣ್ಣನವರು ಕನ್ನಡಕ ಹಾಕಿಕೊಂಡು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪಿನಲ್ಲಿ ವಿಡಿಯೋ ಎರಡು ಸಲ ನೋಡಿದರು, ನಗಲಿಲ್ಲ.

"ಬಳೆ ನಿಂದೇ. ಗೌರಿ ಹಬ್ಬಕ್ಕೆ ನಾನೇ ತಂದದ್ದು" ಎಂದರು. ಮತ್ತೆ ಪರದೆಯ ಕಡೆ ಬಗ್ಗಿ, "ಹಂಗಾದ್ರೆ ಇದ್ಯಾರು, ಹಿಂಗೆ ಹೆದರಿ ಹಿಡ್ಕೊಂಡಿರೋರು?"

"ಯಾರೋ ಜೊತೆಗಿದ್ರು ರೀ, ನೆನಪಿಲ್ಲ" ಎಂದು ಸಾವಿತ್ರಿ ಕಾಫಿಗಿಡಲು ಎದ್ದಳು.

ನಾನು ವಾಚಿನ ಕೈಯನ್ನು ಮೇಜಿನ ಮೇಲಿಟ್ಟೆ. "ನಾನೇ ಶಿವಣ್ಣನವರೇ. ನನ್ನನ್ನ ಕೈ ಹಿಡಿದು ಇಳಿಸಿದ್ದು ಇವಳು. ಮುಂದಿನ ಸಲ ಇವಳು ಬರದಿದ್ರೆ ನಾನೂ ಇಳಿಯಲ್ಲ."