ಐದನೆಯ ಚೌಕ

ರುಕ್ಮಿಣಿ ಟೀಚರು ಯಾರ ಮನೆಗೆ ಹೋದರೂ ನಿಂತುಕೊಂಡು ಪ್ರಶ್ನೆ ಕೇಳಿದವರಲ್ಲ. ಜಗಲಿಯ ಮೇಲೆ ಕುಳಿತು, ಕೊಟ್ಟ ನೀರು ಕುಡಿದು, ಆಮೇಲೆ ಚೀಲದಿಂದ ಕಾಗದ ತೆಗೆಯುವರು. "ನಿಂತ್ಕೊಂಡು ಕೇಳಿದ್ರೆ ಜಪ್ತಿಗೆ ಅಮೀನ ಬಂದಂಗಿರ್ತದೆ ಕಣೇ. ನಿಜ ಯಾರು ಹೇಳ್ತಾರೆ?" ಎನ್ನುವರು.

ಎಂಬತ್ತರ ದಶಕದ ಮಾತು. ಹೊಸೂರಿನಲ್ಲಿ ನಾನು ಟೀಚರ್ ಟ್ರೇನಿಂಗಿನಲ್ಲಿದ್ದೆ. ಮಕ್ಕಳು ಶಾಲೆ ಬಿಡುವುದೇಕೆ ಎಂಬ ಸಮೀಕ್ಷೆಗೆ ನನ್ನನ್ನು ಅವರ ಜೊತೆ ಹಾಕಿದರು. ಸಂಶೋಧನೆ ಎಂದರೆ ಫಾರಂ ತುಂಬುವುದೆಂದೇ ನಾನು ತಿಳಿದಿದ್ದೆ. ಮೊದಲ ವಾರವೇ ಬಿಸಿಲಿಗೆ ಸೋತು, ಉದ್ದನಪಲ್ಲಿಯ ಹುಣಸೆಮರದಡಿ ಕುಳಿತು ಆರು ಮನೆಯ ಫಾರಂಗಳನ್ನು ನಾನೇ ಊಹಿಸಿ ತುಂಬಿಬಿಟ್ಟೆ. ಟೀಚರು ಒಂದೊಂದಾಗಿ ಓದಿದರು. "ಆರು ಮನೇಲೂ ಒಬ್ರೂ ಗೊಣಗಿಲ್ವಲ್ಲ, ಯಾವೂರಮ್ಮ ಇದು?" ಎಂದು ಹರಿದುಹಾಕಿ, ನನ್ನನ್ನು ಆ ಮನೆಗಳಿಗೇ ನಡೆಸಿಕೊಂಡು ಹೋದರು.

ಸಾನಮಾವಿನ ಕಾಡಂಚಿನ ಹಳ್ಳಿಯಲ್ಲಿ ಶಾಲೆ ಬಿಟ್ಟವರೆಲ್ಲ ಹೆಣ್ಣುಮಕ್ಕಳು. ತಾಯಂದಿರೆಲ್ಲ ಹೇಳಿದ್ದು ಒಂದೇ: "ಇಸ್ಕೂಲು ಬಿಡೋದು ನಾಲ್ಕೂವರೆಗೆ. ಮನೆ ಸೇರೋ ಹೊತ್ಗೆ ಮಬ್ಬಾಯ್ತದೆ. ಆನೆ ಓಡಾಡೋ ದಾರೀಲಿ ಹೆಂಗಮ್ಮ ಕಳ್ಸೋದು? ಮೂರೂವರೆಗೆ ಬಿಡಿ, ನಾಳೇನೇ ಕಳಿಸ್ತೀವಿ." ಅಚ್ಚಾಗಿ ಬಂದ ಫಾರಂನಲ್ಲಿ ಗುರುತು ಹಾಕಲು ಇದ್ದದ್ದು ನಾಲ್ಕೇ ಚೌಕ: ಬಡತನ, ಕಾಯಿಲೆ, ಮದುವೆ, ಪೋಷಕರ ಅಸಡ್ಡೆ. ಟೀಚರು ಪ್ರತಿ ಹಾಳೆಯಲ್ಲೂ ಸ್ಕೇಲಿಟ್ಟು ಐದನೆಯ ಚೌಕ ಎಳೆದು, 'ಶಾಲೆ ಬಿಡುವ ಹೊತ್ತು' ಎಂದು ಬರೆದರು.

ಸಮೀಕ್ಷೆಯ ಉಸ್ತುವಾರಿ ಹೊತ್ತಿದ್ದ ಸಾಹೇಬನ ವರದಿ ಬಂತು. ಆ ಹಾಳೆಗಳನ್ನೆಲ್ಲ ಮಹಾನುಭಾವ 'ಅಸಡ್ಡೆ'ಗೆ ಸೇರಿಸಿದ್ದ. ಕುರ್ಚಿ ಬಿಟ್ಟು ಏಳದವನು, ಕೂಲಿನಾಲಿ ಮಾಡಿ ಮಗಳ ಜೀವ ಕಾಯುವ ತಾಯಿಗೆ ಅಸಡ್ಡೆ ಎನ್ನುತ್ತಾನಲ್ಲ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಒಂದು ಗಂಟೆ ಮುಂಚೆ ಗಂಟೆ ಬಾರಿಸಲು ಇವನಪ್ಪನ ಮನೆಯದೇನು ಖರ್ಚಾಗುತ್ತಿತ್ತು?

ಸಮೀಕ್ಷೆಗೆ ಹೋದವರೆಲ್ಲ ವರದಿಗೆ ಸಹಿ ಹಾಕಬೇಕಿತ್ತು. ಟೀಚರು ಹಾಕಲಿಲ್ಲ. "ಅವ್ರು ಹೇಳಿದ್ದೇ ಒಂದು, ನೀವು ಬರ್ದಿರೋದೇ ಒಂದು. ಇದಕ್ಕೆ ನನ್ನ ಹೆಸರ್ಯಾಕೆ ಸಾರ್?" ಎಂದರು. ತಿಂಗಳೊಳಗೆ ದೂರದೂರಿಗೆ ವರ್ಗವಾಯಿತು.

ಬಸ್ ಸ್ಟ್ಯಾಂಡಿಗೆ ಕಳಿಸಲು ಹೋದಾಗ ಸಾಹೇಬನನ್ನು ಬಾಯಿಗೆ ಬಂದಂತೆ ಬೈದೆ. ಅವರು ಎಲ್ಲ ಕೇಳಿಸಿಕೊಂಡು, "ನೀನು ಸೈನ್ ಹಾಕಿದ್ಯಾ?" ಎಂದರು.

"ಹಾಕ್ದೆ ಟೀಚರ್. ಇಲ್ದಿದ್ರೆ ಸರ್ಟಿಫಿಕೇಟು ಕೊಡಲ್ಲ ಅಂದ್ರು."

"ಹಂಗಾದ್ರೆ ಒಂದ್ಸಲ ಆ ಹಳ್ಳಿಗೆ ಹೋಗ್ಬುಟ್ಟು ಬಾ. ನಿಮ್ಗೆ ನಿಮ್ಮ ಮಕ್ಕಳ ಮೇಲೆ ಅಸಡ್ಡೆ ಅಂತ ಬರ್ಕೊಟ್ಟಿದೀವಿ ಅಂತ ಆ ತಾಯಂದಿರಿಗೆ ನೀನೇ ಹೇಳು."

ಬಸ್ಸು ಹೊರಟಿತು. ಅವರನ್ನು ಮತ್ತೆ ನೋಡಲಿಲ್ಲ. ಆ ಸರ್ಟಿಫಿಕೇಟಿನ ಮೇಲೆ ಮೂವತ್ತು ವರ್ಷ ಪಾಠ ಮಾಡಿದೆ. ಆ ಹಳ್ಳಿಗೆ ಮಾತ್ರ ಹೋಗಲಿಲ್ಲ.