ಮುಚ್ಚಳದ ಒಳಗಿನ ತಾರೀಖು

ನಮ್ಮ ಬೀದಿಯಲ್ಲಿ ಚಳಿಗಾಲ ಬಂತೆಂದು ತಿಳಿಯುತ್ತಿದ್ದುದು ಗಾಳಿಯಿಂದಲ್ಲ, ನೀಲಿ ಮೇಸ್ತ್ರಿಯ ಏಣಿಯಿಂದ. ಮನೆ ಬೆಚ್ಚಗಿಡುವ ಗ್ಯಾಸ್ ಹೀಟರ್ ಬಿಚ್ಚಿ, ಉಜ್ಜಿ, ಸರಿಮಾಡುವುದು ಅವರ ಕಸುಬು. ಯಾರ ಮನೆಗೆ ಹೋದರೂ ಹೊಸಿಲಲ್ಲೇ ನಿಂತು, ‘ಉರಿ ನೀಲಿನಾ, ಹಳದಿನಾ?’ ಎಂದು ಕೇಳುವರು. ಕ್ಷೇಮ ಸಮಾಚಾರ ಆಮೇಲೆ. ಉರಿ ಹಳದಿಯಾದರೆ ವಿಷಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಎಲ್ಲರಿಗೂ ಪಾಠ ಬೇರೆ. ಮೊಮ್ಮಗಳಿಗೆ ಹಳದಿ ಅಂಗಿ ತಂದಾಗಲೂ ಮುಖ ಗಂಟು ಹಾಕಿಕೊಂಡರೆಂದು ಅವರ ಹೆಂಡತಿಯೇ ಹೇಳಿ ನಗುತ್ತಿದ್ದರು.

ನನ್ನದು ಹೀಟರಿನ ಬಿಡಿಭಾಗಗಳ ಅಂಗಡಿ. ಇಂಥ ಮನುಷ್ಯ ನನಗೆ ನಷ್ಟವೇ ಸರಿ. ಉಜ್ಜಿದರೆ ಸಾಕಾಗುವ ಬರ್ನರನ್ನು ಬದಲಾಯಿಸುವ ಜಾಯಮಾನ ಅವರದಲ್ಲ. ಗ್ಯಾಸ್ಕೆಟ್ ಒಂದರಲ್ಲಿ ಮಾತ್ರ ಕೈ ಬಿಗಿ ಹಿಡಿಯುತ್ತಿರಲಿಲ್ಲ. ಬರ್ನರಿನ ಮುಚ್ಚಳದ ಅಂಚಿಗೆ ಕೂರುವ ಹಗ್ಗದಂಥ ವಸ್ತು ಅದು. ಒಳಗಿನ ಹೊಗೆ ಕೋಣೆಗೆ ನುಸುಳದಂತೆ ತಡೆಯುತ್ತದೆ. ಮುಚ್ಚಳ ಒಮ್ಮೆ ಬಿಚ್ಚಿದರೆ ಹಳೆಯದು ಮತ್ತೆ ಸರಿಯಾಗಿ ಕೂರದು, ಹೊಸದು ಹಾಕಲೇಬೇಕು. ಊರಲ್ಲಿ ಅದು ಸಿಗುವುದು ನನ್ನಲ್ಲಿ ಮಾತ್ರ. ತಮ್ಮ ಮನೆಯೂ ಸೇರಿ ವರ್ಷಕ್ಕೆ ನಲವತ್ತೆರಡು ಮನೆ, ನಲವತ್ತೆರಡು ಗ್ಯಾಸ್ಕೆಟ್.

ಕೆಲಸ ಮುಗಿದ ಮೇಲೆ, ನನ್ನಲ್ಲೇ ಕೊಂಡ ಚೀಟಿಯನ್ನು ಹೊರಗೆ ಅಂಟಿಸಿ ಸಹಿ ಹಾಕುವುದು ಎಲ್ಲರೂ ಮಾಡುವುದೇ. ಮೇಸ್ತ್ರಿ ಅದರ ಜೊತೆಗೆ ಮುಚ್ಚಳದ ಒಳಮೈಗೆ ಮೊಳೆಯಿಂದ ತಾರೀಖು ಗೀಚುತ್ತಿದ್ದರು.

‘ಒಳಗೆ ಬರೆದ್ರೆ ಯಾರ್ ನೋಡ್ತಾರೆ ಮೇಸ್ತ್ರಿ?’ ಎಂದು ಒಮ್ಮೆ ಕೆಣಕಿದ್ದೆ.

‘ಬಿಚ್ಚಿದವನು ನೋಡ್ತಾನೆ. ಬಿಚ್ಚದವನಿಗೆ ಹೊರಗಿನ ಚೀಟಿ ಸಾಕು ಸಾಹುಕಾರ್ರೇ.’

ಮೂರು ವರ್ಷದ ಹಿಂದೆ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಏಣಿಯ ಕಡೆ ತಲೆ ಹಾಕಬೇಡಿ ಎಂದರು ಡಾಕ್ಟರು. ಚೀಲ, ಹೊಗೆ ಕೊಳವೆಯೊಳಗೆ ಇಣುಕುವ ಪುಟ್ಟ ಕನ್ನಡಿ, ನಲವತ್ತೆರಡು ಮನೆ, ಎಲ್ಲವನ್ನೂ ತಮ್ಮನಿಗೆ ಒಪ್ಪಿಸಿದರು. ಎತ್ತಿ ಆಡಿಸಿ, ಕಸುಬು ಕಲಿಸಿದ ತಮ್ಮ. ಆಮೇಲೆ ಅವರ ಹಗಲು ಕಳೆಯುತ್ತಿದ್ದುದು ನನ್ನ ಅಂಗಡಿಯ ಸ್ಟೂಲಿನ ಮೇಲೆ. ಗಿರಾಕಿಗಳಿಗೆ ಪುಕ್ಕಟೆ ಬುದ್ಧಿ ಹೇಳಿ ನನ್ನ ಅರ್ಧ ವ್ಯಾಪಾರ ಕೆಡಿಸುವರು. ಉಳಿದರ್ಧ ಅವರ ಮುಖ ನೋಡಿಯೇ ಬರುತ್ತಿದ್ದುದರಿಂದ ನಾನು ಸುಮ್ಮನಿದ್ದೆ.

‘ತಮ್ಮ ಹೇಗೆ ಮಾಡ್ತಿದಾನೆ?’ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿ ಎದೆಯುಬ್ಬಿಸುವರು. ‘ನನಗಿಂತ ಬೇಗ ಮುಗಿಸ್ತಾನೆ ಕಣ್ರೀ!’

ಈ ಚಳಿಗಾಲದ ಒಂದು ಬೆಳಿಗ್ಗೆ ಅವರ ಹೆಂಡತಿ, ಸ್ಟೂಲಿನಲ್ಲಿ ಕೂತಿದ್ದ ಗಂಡನಿಗೆ ಮನೆಯ ಬೀಗದ ಕೈ ಕೊಡಲು ಅಂಗಡಿಗೆ ಬಂದರು.

‘ಏಳ್ತಿದ್ದ ಹಾಗೇ ತಲೆ ಸಿಡಿಯುತ್ತೆ,’ ಎಂದರು. ‘ಕನ್ನಡಕ ಎರಡು ಸಲ ಬದಲಾಯ್ಸಿದ್ದಾಯ್ತು. ವಿಚಿತ್ರ ಅಂದ್ರೆ, ಇಲ್ಲಿಗೆ ನಡ್ಕೊಂಡು ಬರೋಷ್ಟರಲ್ಲಿ ಬಿಟ್ಟೇ ಹೋಗುತ್ತೆ.’

‘ಅದಕ್ಕೆ ಕನ್ನಡಕ ಯಾಕಕ್ಕಾ? ಎದ್ದ ತಕ್ಷಣ ಮೇಸ್ತ್ರೀನ ಇಲ್ಲಿಗೆ ಓಡಿಸಿಬಿಡಿ. ಮುಖ ನೋಡೋ ತಾಪತ್ರಯ ತಪ್ಪುತ್ತೆ.’

ಅಕ್ಕ ನಕ್ಕರು. ಮೇಸ್ತ್ರಿ ನಗಲಿಲ್ಲ.

‘ನನಗೂ ಬಿಟ್ಟುಹೋಗುತ್ತೆ,’ ಎಂದರು ಮೆಲ್ಲಗೆ. ‘ಇಲ್ಲಿ ಬಂದು ಕೂತ ಮೇಲೆ. ವಯಸ್ಸಾಯ್ತಲ್ಲ, ಅದಕ್ಕಿರಬೇಕು ಅಂದ್ಕೊಂಡಿದ್ದೆ.’

ಹಾಗೆಂದವರೇ ಎದ್ದರು. ನಾನೂ ಅಂಗಡಿಯ ಬಾಗಿಲು ಎಳೆದು ಹಿಂದೆ ಹೋದೆ.

ಮನೆ ಸೇರಿದ್ದೇ ತಡ, ಕಿಟಕಿಗಳನ್ನೆಲ್ಲ ತೆರೆಸಿ ಗ್ಯಾಸ್ ಬಂದ್ ಮಾಡಿದರು. ಹೀಟರ್ ಇದ್ದದ್ದು ಅಟ್ಟದಲ್ಲಿ. ಮೂರು ವರ್ಷದ ಮೇಲೆ ಮೇಸ್ತ್ರಿ ಏಣಿಗೆ ಕಾಲಿಟ್ಟರು. ನಾನು ಏಣಿ ಹಿಡಿದೆ, ಅಕ್ಕ ಗಂಡನ ಬೆನ್ನು ಹಿಡಿದರು. ಹೀಟರಿನ ಮೈಮೇಲೆ ಮೇಸ್ತ್ರಿಯ ಹಳೆಯ ಚೀಟಿಗಳ ಪಕ್ಕ ಹೊಸ ಮೂರು ಚೀಟಿ, ಮೂರರಲ್ಲೂ ತಮ್ಮನ ಬಳುಕುವ ಸಹಿ. ಮುಚ್ಚಳ ಬಿಚ್ಚುತ್ತಿದ್ದಂತೆ ಗ್ಯಾಸ್ಕೆಟ್ ಹಳೇ ರಸ್ಕಿನ ಹಾಗೆ ಪುಡಿಪುಡಿಯಾಗಿ ನನ್ನ ತಲೆಯ ಮೇಲೆ ಉದುರಿತು. ಬರ್ನರಿನ ತೂತುಗಳಲ್ಲಿ ಧೂಳು, ಸುತ್ತ ಮಸಿ. ಮೇಸ್ತ್ರಿ ಮುಚ್ಚಳ ತಿರುಗಿಸಿ ದೀಪಕ್ಕೆ ಹಿಡಿದರು. ಸಾಲಾಗಿ ಅವರದೇ ಕೈಯ ತಾರೀಖುಗಳು. ಕೊನೆಯದು, ಅವರು ಬೀಳುವುದಕ್ಕೆ ಮುಂಚಿನ ಚಳಿಗಾಲದ್ದು. ಅದರ ಕೆಳಗೆ ಬರೀ ತಗಡು.

‘ಒಂದ್ಸಲನಾದ್ರೂ ಬೇರೆ ಯಾರನ್ನಾದ್ರೂ ಹತ್ತಿಸಿ ನೋಡಬಾರದಿತ್ತಾ?’ ಎಂದೆ.

‘ತಮ್ಮನ ಕೆಲಸಾನ ಇನ್ನೊಬ್ಬನ ಕೈಲಿ ನೋಡಿಸೋದಾ?’

ಕರೆ ಹೋದ ಕಾಲು ಗಂಟೆಯಲ್ಲಿ ತಮ್ಮ ಬಂದ. ಮುಚ್ಚಳವನ್ನು ಕಂಡು ಮುಖ ಇಳಿಯಿತೇ ಹೊರತು ನಾಲಗೆ ಇಳಿಯಲಿಲ್ಲ.

‘ಅಣ್ಣಾ, ಬೇರೆ ಮನೆಯವೆಲ್ಲ ಬಿಚ್ಚಿದೀನಿ, ಆಣೆಗೂ. ಇದು ನಿನ್ನ ಮನೆ ಅಲ್ವಾ? ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀನೇ ಕಂಡುಹಿಡೀತೀಯ ಅಂತ ಬಿಟ್ಟೆ.’

‘ಅತ್ತಿಗೆ ತಲೆನೋವು ಅಂದಾಗ?’ ಎಂದರು ಮೇಸ್ತ್ರಿ.

‘ಕನ್ನಡಕ ಬದಲಾಯ್ಸಿ ಅಂತ ನಾನೇ ತಾನೇ ಹೇಳಿದ್ದು!’

ಮೇಸ್ತ್ರಿ ನನ್ನ ಕಡೆ ತಿರುಗಿದರು. ‘ಸಾಹುಕಾರ್ರೇ, ಇವನಿಗೆ ಗ್ಯಾಸ್ಕೆಟ್ ಎಷ್ಟು ಕೊಟ್ಟಿದೀರಿ?’

‘ಮೊದಲನೇ ವರ್ಷ ಏಳು.’

‘ಆಮೇಲೆ?’

‘ಆಮೇಲೆ... ಚೀಟಿ ಮಾತ್ರ ತಗೊಂಡು ಹೋಗ್ತಿದ್ದ.’

ತಮ್ಮ ನೆಲ ನೋಡತೊಡಗಿದ. ಕಳ್ಳ ಸಿಕ್ಕಿಬಿದ್ದ, ಇನ್ನು ಅಂಗಡಿಗೆ ಹೋಗಬಹುದು ಎಂದುಕೊಂಡೆ. ಆದರೆ ಮೇಸ್ತ್ರಿಯ ಕಣ್ಣು ನನ್ನನ್ನು ಬಿಟ್ಟಿರಲಿಲ್ಲ.

‘ನಿಮಗೆ ಗೊತ್ತಿತ್ತು.’

‘ಮೇಸ್ತ್ರಿ, ಗಿರಾಕಿ ಏನು ಕೊಂಡ, ಏನು ಕೊಳ್ಳಲಿಲ್ಲ ಅಂತ ಅವನ ಅಣ್ಣನ ಹತ್ರ ಚಾಡಿ ಹೇಳೋದು ವ್ಯಾಪಾರಕ್ಕೆ ತಕ್ಕದ್ದಲ್ಲ...’ ಬಾಯಿಂದ ಬಿದ್ದ ಮೇಲೆ ಮಾತು ನನಗೇ ಕಳಪೆ ಮಾಲಿನಂತೆ ಕಂಡಿತು.

‘ಇವನಾದ್ರೂ ನನ್ನ ಕಣ್ಣ ಮರೆಯಲ್ಲಿ ಮಾಡ್ದ,’ ಎಂದರು ಮೇಸ್ತ್ರಿ. ‘ನೀವು ಮೂರು ವರ್ಷ ನನ್ನ ಪಕ್ಕದಲ್ಲೇ ಕೂತಿದ್ರಿ.’

ಮರುದಿನ ಬೆಳಿಗ್ಗೆ ಸ್ಟೂಲು ಒರೆಸಿಟ್ಟು ಕಾದೆ. ಬಂದರು. ತಮ್ಮನಿಂದ ಕಸಿದುಕೊಂಡ ಹಳೆಯ ಚೀಲ ಹೆಗಲಲ್ಲಿತ್ತು. ಹೊರಗೆ ಬೀದಿಯಲ್ಲಿ ಅಕ್ಕ ಏಣಿ ಹಿಡಿದು ನಿಂತಿದ್ದರು.

‘ನಲವತ್ತೆರಡು ಗ್ಯಾಸ್ಕೆಟ್ ಕೊಡಿ.’

‘ಕೂತ್ಕೊಳ್ಳಿ ಮೇಸ್ತ್ರಿ, ತೆಗೆದುಕೊಡ್ತೀನಿ.’

‘ಬೇಡ, ಕೆಲಸ ಇದೆ.’

ನಾನು ಅಕ್ಕನ ಕಡೆ ನೋಡಿ, ‘ತಲೆನೋವು ಹೇಗಿದೆ ಅಕ್ಕಾ?’ ಎಂದು ಕೂಗಿದೆ.

‘ಬಿಟ್ಟಿದೆ,’ ಎಂದರು, ಬೇರೆಲ್ಲೋ ನೋಡುತ್ತ.

ಗ್ಯಾಸ್ಕೆಟುಗಳನ್ನು ಗಲ್ಲಾಪೆಟ್ಟಿಗೆಯ ಮುಂದೆ ಇಟ್ಟೆ. ಇಷ್ಟು ವರ್ಷ ನಾನು ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಸುರಿದುಕೊಳ್ಳುತ್ತಿದ್ದವರು, ಅಂದು ಒಂದೊಂದನ್ನೇ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು, ಬೆರಳಲ್ಲಿ ಎಳೆದು ನೋಡಿದರು. ನಲವತ್ತೆರಡನ್ನೂ. ನಿಂತೇ.