ನನ್ನ ಹೆಸರು ಹಾಕ್ಕೊಂಡು ಓದು

ನರ್ಸಬಾಯಿಯವರ ಅಂಗೈ ಬಹಳ ಭಾರ. ಪ್ರಾರ್ಥನೆಗೆಂದು ತಲೆಯ ಮೇಲೆ ಕೈಯಿಟ್ಟರೆ ಕುತ್ತಿಗೆ ಒಂದಿಂಚು ಕೆಳಗಿಳಿಯುತ್ತಿತ್ತು. ಉಗುರುಗಳನ್ನು ಬುಡಕ್ಕೇ ಕತ್ತರಿಸಿರುತ್ತಿದ್ದರು. ನಿವೃತ್ತರಾಗಿ ಎರಡು ವರ್ಷವಾಗಿದ್ದರೂ ಬೆರಳುಗಳಿಗೆ ಆಸ್ಪತ್ರೆಯ ಕೆಂಪು ಸಾಬೂನಿನ ವಾಸನೆ ಅಂಟಿಕೊಂಡೇ ಇತ್ತು. ಹಾನಗಲ್ಲಿನ ಸುತ್ತಮುತ್ತ ನನ್ನ ವಯಸ್ಸಿನ ಎಷ್ಟೋ ಜನ ಹುಟ್ಟುತ್ತಲೇ ಬಿದ್ದದ್ದು ಆ ಕೈಗಳಿಗೆ. ನಾನೂ ಅವರಲ್ಲಿ ಒಬ್ಬಳು.

ಗುಟ್ಟು ಕಾಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಊರೇ ನಂಬಿತ್ತು. ಯಾರ ಸೊಸೆ ಬಂದಿದ್ದಳು, ಯಾಕೆ ಬಂದಿದ್ದಳು ಎಂದು ಸಂತೆಯಲ್ಲಿ ಹೆಂಗಸರು ಕೆದಕಿದರೆ, “ನಿಮ್ಮ ಕಡೆ ಮಳಿ ಆತೇನ್ರಿ?” ಎಂದು ಕೇಳುತ್ತಿದ್ದರು. ಸುಡುಬೇಸಿಗೆಯಲ್ಲೂ ಅದೇ ಪ್ರಶ್ನೆ. ಕೇಳಿದವರು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಇವರು ಕೊಡೆ ಬಿಚ್ಚಿ ಹೊರಟುಬಿಟ್ಟಿರುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಮ್ಮ ಊರಲ್ಲಿದ್ದದ್ದು ಎಂಟೋ ಒಂಬತ್ತೋ ಕ್ರೈಸ್ತ ಮನೆಗಳು. ಪಾಸ್ಟರ್ ತಿಂಗಳಿಗೊಮ್ಮೆ ಹಾವೇರಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಿಕ್ಕ ದಿನ ಎಲ್ಲಕ್ಕೂ ನರ್ಸಬಾಯಿಯೇ. ಬುಧವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಹೆಂಗಸರ ಕೂಟ ಸೇರುತ್ತಿತ್ತು. ಮೊದಲು ಒಬ್ಬೊಬ್ಬರೂ ತಮ್ಮ ‘ಪ್ರಾರ್ಥನೆಯ ವಿಷಯ’ ಹೇಳಬೇಕು. ಗಂಡನ ಕುಡಿತ, ಮಗನ ಪರೀಕ್ಷೆ, ಎಮ್ಮೆಯ ಕೆಚ್ಚಲು ಬಾವು, ಏನಾದರೂ ಸರಿ. ಆಮೇಲೆ ನರ್ಸಬಾಯಿ ಕಣ್ಣು ಮುಚ್ಚಿ ಎಲ್ಲವನ್ನೂ ಸೇರಿಸಿ ದೇವರಿಗೆ ಒಪ್ಪಿಸುತ್ತಿದ್ದರು. ಯಾವುದನ್ನೂ ಮರೆಯುತ್ತಿರಲಿಲ್ಲ. ಎಮ್ಮೆಯ ಕೋಡು ಮುರಿದಿದ್ದರೆ ಅದನ್ನೂ ದೇವರಿಗೆ ತಿಳಿಸುತ್ತಿದ್ದರು.

ನನಗೆ ಆಗ ಇಪ್ಪತ್ತಮೂರು. ತಿಳವಳ್ಳಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಹುಬ್ಬಳ್ಳಿಯ ಒಂದು ಸಂಬಂಧ ಕೂಡಿಬಂದು ಮಾತು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗ ನನ್ನ ಮನಸ್ಸಿಗೆ ಬಂದಿದ್ದ. ಆದರೆ ಚಿಕ್ಕವಳಿದ್ದಾಗ ನನಗೆ ಫಿಟ್ಸ್ ಬರುತ್ತಿತ್ತು. ಹನ್ನೊಂದನೇ ವರ್ಷದ ನಂತರ ಒಮ್ಮೆಯೂ ಬಂದಿರಲಿಲ್ಲ. “ಬಾಯಿ ಬಿಡಬ್ಯಾಡ,” ಎಂದಿದ್ದಳು ಅವ್ವ. ಮುಚ್ಚಿಟ್ಟು ಮದುವೆಯಾಗಲು ನನಗೆ ಮನಸ್ಸಿರಲಿಲ್ಲ. ಚಿಕ್ಕಂದಿನಲ್ಲಿ ಔಷಧ ಕೊಡಿಸಿದ್ದ ನರ್ಸಬಾಯಿಯ ಹತ್ತಿರವೇ ಹೋದೆ.

“ನಿಶ್ಚಯಕ್ಕಿಂತ ಮೊದಲ ನಾನ ಅವರಿಗೆ ಹೇಳ್ತೇನಿ, ಬಾಯಾರ. ಅಲ್ಲೀತನಕ ಈ ಮಾತು ನಿಮ್ಮ ಹತ್ರನ ಇರಲಿ. ನನಗ ಧೈರ್ಯ ಬರಲಿ ಅಂತ ಪ್ರಾರ್ಥನಾ ಮಾಡ್ರಿ,” ಎಂದೆ.

“ನನ್ನ ಹೊಟ್ಟ್ಯಾಗ ಇರತೈತಿ, ಹೋಗು,” ಎಂದರು.

ಮುಂದಿನ ಬುಧವಾರ ಹುಡುಗನ ಸೋದರತ್ತೆ ನಮ್ಮ ಮನೆಗೆ ಬಂದರು. ಕೂಟ ನಡೆಯುವ ಹೊತ್ತು, ಅವರೂ ಗೋಡೆಗೆ ಒರಗಿ ಕುಳಿತರು. ನರ್ಸಬಾಯಿ ನನ್ನ ತಲೆಯ ಮೇಲೆ ಕೈಯಿಟ್ಟು ಶುರುಮಾಡಿದರು. “ಕರ್ತನೇ, ಈ ಮಗಳಿಗೆ ಸಣ್ಣಾಕಿದ್ದಾಗ ಫಿಟ್ಸ್ ಬರ್ತಿದ್ದುವು, ನಿನಗ ಗೊತ್ತೈತಿ. ಮದುವಿ ಆದ ಮ್ಯಾಲೆ ಅವು ತಿರುಗಿ ಬರದಂಗ ನೋಡ್ಕೊ. ಇದನ್ನ ಹೇಳೂ ಧೈರ್ಯಾ ಕೊಡು.”

ಎಲ್ಲರೂ ಆಮೆನ್ ಎಂದರು. ಸೋದರತ್ತೆಯೂ ಎಂದರು. ಕಣ್ಣು ತೆರೆದರೆ ಅವರು ನನ್ನನ್ನೇ ನೋಡುತ್ತಿದ್ದರು. ಚಹಾ ಕುಡಿದು, ಅವ್ವನ ಹತ್ತಿರ ನಗುನಗುತ್ತಲೇ ಮಾತಾಡಿ ಹೋದರು. ಎಂಟು ದಿನಕ್ಕೆ “ಸದ್ಯಕ್ಕ ಬ್ಯಾಡ” ಎಂದು ಹುಬ್ಬಳ್ಳಿಯಿಂದ ಹೇಳಿಕಳಿಸಿದರು. ನಾನೇ ಹೇಳಿದ್ದರೆ ಆ ಹುಡುಗ ಏನನ್ನುತ್ತಿದ್ದನೋ, ಅದು ನನಗೆ ಕೊನೆಗೂ ತಿಳಿಯಲಿಲ್ಲ.

ನರ್ಸಬಾಯಿಯ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಕೂಗಾಡಿದೆ. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು.

“ನಾ ಯಾರಿಗೂ ಹೇಳಿಲ್ಲ, ಮಗಳ. ದೇವರಿಗೆ ಹೇಳೇನಿ.”

ನಮ್ಮ ಕೂಟಗಳ ರೋಗವೇ ಇದು. ಬೇರೆ ಕಡೆ ಚಾಡಿ ಎನಿಸಿಕೊಳ್ಳುವ ಮಾತು ಇಲ್ಲಿ ಕಣ್ಣು ಮುಚ್ಚಿಕೊಂಡು ಹೇಳಿದರೆ ಪ್ರಾರ್ಥನೆ ಎನಿಸಿಕೊಳ್ಳುತ್ತದೆ. ಎಷ್ಟೋ ಮನೆಗಳ ಸುದ್ದಿ ನಾನೂ ಹಾಗೆಯೇ ತಿಳಿದುಕೊಂಡಿದ್ದೆ, ಆಗೆಲ್ಲ ಆಮೆನ್ ಎಂದಿದ್ದೆ. ನನ್ನ ಪಾಳಿ ಬಂದಾಗ ಮಾತ್ರ ಉರಿ ಗೊತ್ತಾಯಿತು.

ತಿಳವಳ್ಳಿಯಲ್ಲೇ ಒಂದು ಕೋಣೆ ಹಿಡಿದೆ. ಸತ್ಯವೇದ ಎಂದು ನಾವು ಕರೆಯುವ ಬೈಬಲ್ಲು ಟ್ರಂಕಿನ ತಳ ಸೇರಿತು. ಮೊದಮೊದಲು ಅಭ್ಯಾಸಬಲದಿಂದ ಮೊಣಕಾಲೂರುತ್ತಿದ್ದೆ, ಮಾತು ಬರುತ್ತಿರಲಿಲ್ಲ. ಯಾರೋ ಗೋಡೆಯಾಚೆ ಕಿವಿಗೊಟ್ಟು ಕುಳಿತಂತೆ ಅನಿಸುತ್ತಿತ್ತು. ದೇವರೂ ನರ್ಸಬಾಯಿಯ ಕಡೆಯವನೇ ಎಂದು ಸಿಟ್ಟು ಬಂದು ಅದನ್ನೂ ಬಿಟ್ಟೆ. ಹುಟ್ಟಿದಾಗಿನಿಂದ ಜೊತೆಗಿದ್ದದ್ದು ಹೋದರೆ ಆಗುವ ದಿಗಿಲು ಬೇರೆಯೇ. ಮದುವೆ ಮುರಿದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಒಣಗಿಸಿತು.

ಏಳೆಂಟು ತಿಂಗಳ ಮೇಲೆ ಒಂದು ಶನಿವಾರ ನರ್ಸಬಾಯಿ ಬಸ್ಸು ಹತ್ತಿ ಬಂದರು. ನಾನು “ಬರ್ರಿ” ಎನ್ನಲಿಲ್ಲ, ನೀರನ್ನೂ ಕೊಡಲಿಲ್ಲ. ತಾವೇ ಹೊಸ್ತಿಲ ಮೇಲೆ ಕುಳಿತರು.

“ಪ್ರಾರ್ಥನಾ ಬಿಟ್ಟೀಯಂತ. ನಿಮ್ಮವ್ವ ಹೇಳಿದಳು.”

“ಬಾಯಿ ತಗದ್ರ ಮಾತ ಬರವೊಲ್ವು.”

“ನಿನ್ನ ಮಾತು ಬರದಿದ್ರ ಬ್ಯಾಡ. ಸತ್ಯವೇದದಾಗಿನ ಕೀರ್ತನೆ ಓದು. ಅದರಾಗ ಬರೇ ಸ್ತುತಿ ಐತಿ ಅಂತ ತಿಳದೀಯೇನ? ಅಳೂದೈತಿ, ಜಗಳ ಐತಿ, ವೈರಿ ಹಲ್ಲು ಮುರಿ ಅಂತ ದೇವರಿಗೆ ಹೇಳೂದೈತಿ. ಐವತ್ತೈದನೇದು ತಗಿ. ನನ್ನ ಹೆಸರು ಹಾಕ್ಕೊಂಡು ಓದು.”

ಅಷ್ಟು ಹೇಳಿ ಎದ್ದರು. ತಪ್ಪಾಯಿತು ಎಂಬ ಒಂದು ಮಾತು ಬರಲಿಲ್ಲ. ಅದಕ್ಕಾಗಿ ಕಾದು ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಟ್ರಂಕು ತೆಗೆದೆ.

ವೈರಿಯೊಬ್ಬ ಹೀಗೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ, ಮಾಡಿದವನು ನನ್ನ ಆಪ್ತ, ನನ್ನ ಜೊತೆ ದೇವರ ಮನೆಗೆ ನಡೆದು ಬಂದವನು ಎಂದು ಆ ಕೀರ್ತನೆಯಲ್ಲಿ ಯಾರೋ ಸಾವಿರಾರು ವರ್ಷಗಳ ಹಿಂದೆ ಗೋಳಾಡಿದ್ದರು. ಅವನ ಮಾತು ಬೆಣ್ಣೆಯಷ್ಟು ನುಣುಪು, ಮನಸ್ಸಿನಲ್ಲಿ ಮಾತ್ರ ಯುದ್ಧ ಎಂದೂ ಇತ್ತು. ನಾನು ನರ್ಸಬಾಯಿಯ ಹೆಸರು ಸೇರಿಸಿ ಜೋರಾಗಿ ಓದಿದೆ. ಓದುತ್ತಾ ಓದುತ್ತಾ ದನಿ ಏರಿತು. ಮನೆಯ ಮಾಲೀಕಳಾದ ಅಜ್ಜಿ ಬಾಗಿಲಿಗೆ ಬಂದು, “ಯಾರನ್ನ ಬೈಯಾಕತ್ತೀರಿ, ಅಕ್ಕೋರ?” ಎಂದು ಕೇಳಿದಳು.

“ಪ್ರಾರ್ಥನಾ ಮಾಡಾಕತ್ತೇನಿ, ಅಜ್ಜಿ.”

“ಹಂಗಾರ ಮಾಡ್ರಿ,” ಎಂದು ಹೋದಳು. ನಾನು ನಕ್ಕೆ, ಆಮೇಲೆ ಬಹಳ ಹೊತ್ತು ಅತ್ತೆ. ಪ್ರಾರ್ಥನಾ ಮಾಡಾಕತ್ತೇನಿ ಎಂದು ಬಾಯಿಗೆ ಬಂದದ್ದು ಸುಳ್ಳೇನೂ ಆಗಿರಲಿಲ್ಲ. ಅಂದಿನಿಂದ ದಿನಕ್ಕೊಂದು ಕೀರ್ತನೆ ಓದತೊಡಗಿದೆ. ಎಷ್ಟೋ ದಿನ ಬರೀ ಓದು. ಕೆಲವು ದಿನ ಓದು ಮುಗಿದ ಮೇಲೂ ಮಾತು ಮುಂದುವರಿಯುತ್ತಿತ್ತು, ಅದು ನನ್ನದಾಗಿರುತ್ತಿತ್ತು.

ಎಂಬತ್ತರ ದಶಕದ ಮೊದಲಲ್ಲಿ ನರ್ಸಬಾಯಿ ನನಗೆ ಹೇಳಿಕಳಿಸಿದರು. ಬಾಗಿಲು ಹಾಕಿ, ಸೆರಗು ಸರಿಸಿ ಎದೆಯ ಗಡ್ಡೆ ತೋರಿಸಿದರು. ಅದೇನೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹುಬ್ಬಳ್ಳಿಯ ಡಾಕ್ಟರರು ತಡವಾಯಿತು ಎಂದಿದ್ದರಂತೆ.

“ಕೂಟದಾಗ ಹೇಳಬ್ಯಾಡ. ಎಲ್ಲಾರೂ ಬಾಯಿಗೆ ಬಂದಂಗ ಪ್ರಾರ್ಥನಾ ಮಾಡ್ತಾರ. ನೀ ಒಬ್ಬಾಕೀನ ಮಾಡು.”

ನನಗೆ ನಗಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಬಿಟ್ಟೆ.

“ಆವತ್ತ ಹುಡುಗನ ಸೋದರತ್ತಿ ಕುಂತಿದ್ದು ನಿಮಗ ಗೊತ್ತಿತ್ತೇನ್ರಿ?”

“ಗೊತ್ತಿತ್ತು.”

“ಮತ್ತ ಯಾಕ, ಬಾಯಾರ? ನಾನ ಹೇಳ್ತೇನಿ ಅಂದಿದ್ನಲ್ಲ.”

“ಅಂದಿದ್ದಿ. ನೀ ಹೇಳ್ತಿ ಅಂತ ನನಗ ನಂಬಿಗಿ ಬರಲಿಲ್ಲ.”

ಬಾಯಿತಪ್ಪಿ ಬಂದ ಮಾತಾಗಿದ್ದರೆ ಎಂದೋ ಮನ್ನಿಸಿರುತ್ತಿದ್ದೆ. ಹುಟ್ಟುತ್ತಲೇ ನನ್ನನ್ನು ಹಿಡಿದ ಕೈ ನನ್ನ ಮಾತನ್ನೇ ನಂಬಿರಲಿಲ್ಲ. ಎದ್ದು ಬಂದೆ. ಬಸ್ಸು ತಿಳವಳ್ಳಿ ಮುಟ್ಟುವವರೆಗೂ ಆ ಐವತ್ತೈದನೇ ಕೀರ್ತನೆಯ ಸಾಲುಗಳೇ ಬಾಯಲ್ಲಿ. ಊರು ಬಂದಾಗ ನೋಡಿದರೆ, ಆ ಸಾಲುಗಳ ನಡುವೆ ಅವರ ನೋವು ಕಡಿಮೆ ಮಾಡು ಎಂದೂ ಬೇಡಿಕೊಳ್ಳುತ್ತಿದ್ದೆ.

ಅವರು ನಾಲ್ಕು ತಿಂಗಳು ಬದುಕಿದರು. ಮಣ್ಣು ಮಾಡುವ ದಿನ ಪಾಸ್ಟರ್ ಕಣ್ಣೊರೆಸಿಕೊಂಡು, ಇಷ್ಟು ದೊಡ್ಡ ಕಾಯಿಲೆ ನಮಗೆ ಯಾರಿಗೂ ಗೊತ್ತಾಗಲಿಲ್ಲ, ಗೊತ್ತಾಗಿದ್ದರೆ ಸಭೆಯೆಲ್ಲ ಸೇರಿ ಪ್ರಾರ್ಥಿಸುತ್ತಿದ್ದೆವು ಎಂದರು. ಅವ್ವ ನನ್ನ ಕಡೆ ತಿರುಗಿ, “ನಿನಗೂ ಹೇಳಿರಲಿಲ್ಲೇನ?” ಎಂದಳು.

ನಾಲ್ಕು ತಿಂಗಳು ಒಂದು ದಿನವೂ ಬಿಡದೆ ಅವರ ಹೆಸರು ಹಿಡಿದು ಪ್ರಾರ್ಥಿಸಿದ್ದೆ, ಅರ್ಧ ಬೈಗುಳ, ಅರ್ಧ ಬೇಡಿಕೆ. ಅವರ ಮೇಲಿನ ಸಿಟ್ಟು ಇಂದಿಗೂ ಹೋಗಿಲ್ಲ. ಸಿಟ್ಟನ್ನೂ ದೇವರ ಮುಂದೆ ಇಡಬಹುದು ಎಂದು ಕಲಿಸಿದವರೂ ಅವರೇ. ಅವ್ವನಿಗೆ ನಾನು ಏನನ್ನೂ ಹೇಳಲಿಲ್ಲ.